ಕೊಳೆರೋಗಕ್ಕೂ ಹಳದಿ ರೋಗಕ್ಕೂ ಒಂದೇ ಹರಕೆಯೇ?

ಸಿಸ್ಟರ್ ಜೊತೆ ಮಾತು: ಓದುಗರ ಪತ್ರಗಳಿಗೆ ನಿವೃತ್ತ ದಾದಿಯೊಬ್ಬರ ಉತ್ತರ

ಈ ಸಲದ ಅಂಚೆಯಲ್ಲಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರು ಹೇಳುತ್ತವೆ. ‘ಬಂದದ್ದನ್ನು ಒಪ್ಪಿಕೋ, ದೇವರಿಗೆ ಶರಣಾಗು, ನೆಮ್ಮದಿ ತಾನಾಗಿ ಬರುತ್ತದೆ’ ಎಂದು ಎಲ್ಲರೂ ಹೇಳುತ್ತಾರೆ, ಆದರೆ ನೆಮ್ಮದಿ ಬರುತ್ತಿಲ್ಲ ಎಂದು. ಅವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಪ್ರವಚನ ಮಾಡಲು ನನಗೆ ಬಾರದು. ವಾರ್ಡಿನಲ್ಲಿ ಕಂಡದ್ದು, ತವರಿನ ತೋಟದಲ್ಲಿ ಕಂಡದ್ದು, ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲು ಓದಿದ್ದು, ಇಷ್ಟೇ ನನ್ನ ಬಂಡವಾಳ.

ಪ್ರಶ್ನೆ: ಸಿಸ್ಟರ್, ನಮ್ಮದು ಕೊಪ್ಪ ತಾಲ್ಲೂಕು. ಅಪ್ಪ ಹಾಕಿದ ಅಡಿಕೆ ತೋಟ. ಹಳದಿ ಎಲೆ ರೋಗ ಬಂದು ಅರ್ಧಕ್ಕೂ ಹೆಚ್ಚು ಮರ ಹೋಗಿದೆ. ಬೆಳಿಗ್ಗೆ ಎದ್ದರೆ ಕಾಲು ಅಲ್ಲಿಗೇ ಎಳೆಯುತ್ತದೆ. ಹೊಸದಾಗಿ ಹಳದಿಯಾದ ಮರಗಳನ್ನು ಎಣಿಸುತ್ತಾ ನಿಂತುಬಿಡುತ್ತೇನೆ. ಮನೆಯವಳು ‘ಶಾರದಾಂಬೆಯ ಮೇಲೆ ಭಾರ ಹಾಕಿ ಸುಮ್ಮನಿರಿ’ ಎನ್ನುತ್ತಾಳೆ. ಬೆಂಗಳೂರಿನಲ್ಲಿರುವ ಮಗ ‘ಮಾರಿ ಬನ್ನಿ’ ಎನ್ನುತ್ತಾನೆ. ಭಾರ ಹಾಕಿ ನೋಡಿದೆ. ಈ ವರ್ಷ ಔಷಧಿ ಹೊಡೆಸುವುದನ್ನೂ ಬಿಟ್ಟೆ. ಆದರೂ ಮನಸ್ಸು ತಣ್ಣಗಾಗಲಿಲ್ಲ. ನನ್ನ ಶರಣಾಗತಿಯಲ್ಲಿ ಏನು ಕೊರತೆ?

ಉತ್ತರ: ‘ಔಷಧಿ ಹೊಡೆಸುವುದನ್ನೂ ಬಿಟ್ಟೆ’ ಎಂದಿದ್ದೀರಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. ಯಾವ ಔಷಧಿ? ನಮ್ಮ ಕಡೆ ಮಳೆಗಾಲದಲ್ಲಿ ಅಡಿಕೆಗೆ ಔಷಧಿ ಹೊಡೆಸುವುದೆಂದರೆ ಬೋರ್ಡೋ, ಮೈಲುತುತ್ತ ಸುಣ್ಣದ ದ್ರಾವಣ. ಅದು ಕೊಳೆರೋಗಕ್ಕೆ. ಹಳದಿ ರೋಗಕ್ಕೆ ಅದರಿಂದ ಏನೂ ಆಗದು ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅಂದರೆ, ವಾಸಿಯಾಗದ ರೋಗದ ಮೇಲಿನ ಸಿಟ್ಟನ್ನು ತಡೆಯಬಹುದಾದ ರೋಗದ ವಿಷಯದಲ್ಲಿ ತೀರಿಸಿಕೊಂಡಿರಿ. ಇನ್ನೂ ಹಸಿರಾಗಿದ್ದ ಮರಗಳ ಗೊನೆಗಳನ್ನೂ ಕೊಳೆಗೆ ಬಿಟ್ಟುಕೊಟ್ಟು, ಅದಕ್ಕೆ ದೇವಿಯ ಹೆಸರು ಹೇಳಿದಿರಿ. ಆಕೆ ಕೇಳಿದ್ದಳೇ?

ನನ್ನ ತವರೂ ಅಡಿಕೆಯ ಮನೆಯೇ. ಅಜ್ಜನ ಕಾಲದ ಮಾತು ಹೇಳುತ್ತಿದ್ದರು: ಕೊಳೆಯಿಂದ ಗೊನೆ ಉಳಿಸಿಕೊಳ್ಳಲು ಅದಕ್ಕೆ ಹುಲ್ಲಿನ ಹೊದಿಕೆ, ಅಂದರೆ ಕೊಟ್ಟೆ, ಕಟ್ಟುವುದೊಂದೇ ಉಪಾಯವಾಗಿತ್ತು. ಉಳಿದದ್ದು ಹಣೆಬರಹ. ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಆ ಹಣೆಬರಹವನ್ನು ಕೆದಕಿ ನೋಡಿದರು. ರೋಗದ ಶಿಲೀಂಧ್ರವನ್ನು ಅಭ್ಯಾಸ ಮಾಡಿ, ಬೋರ್ಡೋ ಸಿಂಪಡಿಸಿದರೆ ಗೊನೆ ಉಳಿಯುತ್ತದೆ ಎಂದು ತೋರಿಸಿಕೊಟ್ಟರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮುಂಗಾರು ಹಿಡಿಯುವ ಮುಂಚೆ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ. ಅಲ್ಲಿಯವರೆಗೆ ದೇವರ ಪಾಲಿಗೆ ಬಿಟ್ಟಿದ್ದ ಕೆಲಸ ಅಂದಿನಿಂದ ನಮ್ಮ ಪಾಲಿಗೆ ಬಂತು.

ಹಳದಿ ರೋಗದ ಚಿಕಿತ್ಸೆ ಇನ್ನೂ ಹಾಗೆ ನಮ್ಮ ಕೈಗೆ ಬಂದಿಲ್ಲ. ಅದಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ರಸ ಹೀರುವ ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಬಂದ ಮರವನ್ನು ವಾಸಿ ಮಾಡುವ ಔಷಧಿ ಇಲ್ಲ. ಬಸಿಗಾಲುವೆ ಸರಿಪಡಿಸಿ, ಗೊಬ್ಬರ ಸರಿಯಾಗಿ ಕೊಟ್ಟರೆ ಮರ ಸ್ವಲ್ಪ ಕಾಲ ಹೆಚ್ಚು ತಾಳುತ್ತದೆ, ಅಷ್ಟೇ. ರೋಗದ ತೋಟದ ನಡುವೆಯೂ ಹಸಿರಾಗಿ ನಿಂತ ಮರಗಳನ್ನು ಹುಡುಕಿ, ಅವುಗಳಿಂದ ಸಸಿ ಮಾಡುವ ಪ್ರಯತ್ನವನ್ನು ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು ನಡೆಸಿದ್ದಾರೆ. ಅದರ ಫಲ ನಿಮ್ಮ ಕಾಲಕ್ಕೆ ಬರುತ್ತದೆಂದು ಹೇಳುವ ಧೈರ್ಯ ನನಗಿಲ್ಲ.

ಹಾಗಾಗಿ ಒಪ್ಪಿಕೊಳ್ಳಬೇಕಾದದ್ದು ಇದು: ಹಳದಿಯಾದ ಮರ ಹೋಗುತ್ತದೆ. ಅಪ್ಪ ನೆಟ್ಟ ಮರ ಎಂಬ ಸಂಕಟ ಇದ್ದೇ ಇರುತ್ತದೆ, ಅದನ್ನು ತೋಟದಲ್ಲಿ ಒಬ್ಬರೇ ನಿಂತು ಅನುಭವಿಸುವ ಬದಲು ಮಗನಿಗೆ ಬಾಯಿಬಿಟ್ಟು ಹೇಳಿ. ಅವನು ‘ಮಾರಿ ಬನ್ನಿ’ ಎನ್ನುತ್ತಿರುವುದು ನಿಮ್ಮ ಮುಖ ನೋಡಲಾರದೆ ಇರಬಹುದು. ಬರುವ ಮುಂಗಾರಿಗೆ ಮುಂಚೆ ಮರ ಹತ್ತುವ ಕೊನೆಗೌಡನನ್ನು ಕರೆದು ಹಸಿರು ಮರಗಳಿಗೆ ಬೋರ್ಡೋ ಹೊಡೆಸಿ. ಖಾಲಿಯಾದ ಜಾಗಕ್ಕೆ ಕಾಫಿಯೋ, ನೆರಳಿನ ಮರಕ್ಕೆ ಹಬ್ಬಿಸುವ ಕಾಳುಮೆಣಸೋ ಯಾವುದು ಹೊಂದುತ್ತದೆ ಎಂದು ತೋಟಗಾರಿಕೆ ಇಲಾಖೆಯಲ್ಲಿ ಕೇಳಿ. ಮಾರುವುದು, ಬಿಡುವುದು ಆಮೇಲಿನ ಮಾತು.

ಶರಣಾಗತಿ ಎಂದರೆ ಏನನ್ನೂ ಮಾಡದಿರುವುದೇ ಎಂಬ ಜಗಳ ನಿಮ್ಮ ಮನೆಯಲ್ಲಿ ಹುಟ್ಟಿದ್ದೇನಲ್ಲ. ರಾಮಾನುಜರ ನಂತರ ಶ್ರೀವೈಷ್ಣವರು ಇದನ್ನೇ ತಲೆಮಾರುಗಟ್ಟಲೆ ಚರ್ಚಿಸಿದರು. ಮಂಗನ ಮರಿ ತಾಯಿಯನ್ನು ತಾನೇ ಅವುಚಿಕೊಂಡಿರಬೇಕು, ಜೀವನೂ ಹಾಗೆಯೇ ದೇವರನ್ನು ಹಿಡಿಯಬೇಕು ಎಂದರು ವಡಗಲೆಯವರು. ತೆಂಗಲೆಯವರು ಬೆಕ್ಕಿನ ಮರಿಯನ್ನು ತೋರಿಸಿದರು. ಅದು ಸುಮ್ಮನಿದ್ದರೂ ತಾಯಿಯೇ ಕಚ್ಚಿಕೊಂಡು ಒಯ್ಯುತ್ತದೆ. ನಾನು ಎರಡೂ ಪಂಗಡದವಳಲ್ಲ. ಒಂದನ್ನು ಮಾತ್ರ ಗಮನಿಸಿದ್ದೇನೆ: ಬೆಕ್ಕು ಮರಿಯನ್ನು ಒಯ್ದು ಇಳಿಸಿದ ಮೇಲೆ ಹಾಲು ಕುಡಿಯುವ ಕೆಲಸ ಮರಿಯದೇ.

ಪ್ರಶ್ನೆ: ದಿನವೂ ಬೆಳಿಗ್ಗೆ ಅರ್ಧ ಗಂಟೆ ಕಣ್ಣು ಮುಚ್ಚಿ ಕೂರುತ್ತೇನೆ. ಯೋಚನೆಗಳನ್ನು ಓಡಿಸಿದಷ್ಟೂ ಮೇಲೆ ಬೀಳುತ್ತವೆ. ಕಚೇರಿಯ ಸಾಹೇಬರ ಮುಖ ಬರಬಾರದು ಎಂದುಕೊಂಡರೆ ಅದೇ ಮೊದಲು ಬರುತ್ತದೆ. ನಾನು ಧ್ಯಾನಕ್ಕೆ ಅಯೋಗ್ಯಳೇ? (ತುಮಕೂರು)

ಉತ್ತರ: ಔಷಧಿ ಕುಡಿಯುವಾಗ ಮಂಗನನ್ನು ನೆನೆಯಬಾರದು ಎಂದು ವೈದ್ಯ ಹೇಳಿದ ಕಥೆ ನೀವೂ ಕೇಳಿರಬೇಕು. ಅಮೆರಿಕದ ಡ್ಯಾನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ ಅದನ್ನು ಪರೀಕ್ಷೆಗೇ ಒಡ್ಡಿದರು. ಮಂಗನ ಜಾಗದಲ್ಲಿ ಬಿಳಿ ಕರಡಿ. ಕಾಲೇಜು ಹುಡುಗರನ್ನು ಕೂರಿಸಿ, ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದಾಗಲೆಲ್ಲ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಇನ್ನೂ ಸ್ವಾರಸ್ಯವೆಂದರೆ, ಆಮೇಲೆ ‘ಈಗ ನೆನೆಯಬಹುದು’ ಎಂದಾಗ, ಮೊದಲಿನಿಂದಲೇ ನೆನೆಯಲು ಬಿಟ್ಟವರಿಗಿಂತ ತಡೆದುಕೊಂಡಿದ್ದವರಿಗೇ ಕರಡಿ ಹೆಚ್ಚು ಕಾಡಿತು. 1987ರಲ್ಲಿ ಪ್ರಕಟವಾದ ಅಧ್ಯಯನ ಇದು.

ಹಾಗಾಗಿ ನೀವು ಅಯೋಗ್ಯರೇನಲ್ಲ, ಕೊಟ್ಟುಕೊಂಡ ಕೆಲಸವೇ ಆಗದ್ದು. ಸಾಹೇಬರ ಮುಖ ಬಂದರೆ ಬರಲಿ. ‘ಬಂದರು’ ಎಂದು ಮನಸ್ಸಿನಲ್ಲೇ ಹೇಳಿ ಉಸಿರಿನ ಕಡೆ ತಿರುಗಿ. ಮತ್ತೆ ಬಂದರೆ ಮತ್ತೆ ತಿರುಗಿ. ಅರ್ಧ ಗಂಟೆ ಇದೇ ಆದರೂ ಅದು ಕೆಟ್ಟ ಧ್ಯಾನವಲ್ಲ. ಅಂದ ಹಾಗೆ, ಆ ಸಾಹೇಬರ ಜೊತೆ ಆಡಬೇಕಾದ ಮಾತು ಏನಾದರೂ ಬಾಕಿ ಇದೆಯೇ? ಇದ್ದರೆ ಅದನ್ನು ಕಚೇರಿಯಲ್ಲಿ ಆಡಿ ಮುಗಿಸಿ.

ಪ್ರಶ್ನೆ: ನಾನು ನಿವೃತ್ತ ವಿಜ್ಞಾನ ಮೇಷ್ಟರು, ಧಾರವಾಡ. ದೇವರನ್ನು ನಂಬಿದವನಲ್ಲ. ಹೆಂಡತಿ ತೀರಿಕೊಂಡ ಮೇಲೆ ಗೆಳೆಯರು ಭಜನೆಗೆ ಕರೆಯುತ್ತಾರೆ. ‘ಶರಣಾಗು, ಹಗುರಾಗುತ್ತೀ’ ಎನ್ನುತ್ತಾರೆ. ಯಾರಿಗೆ ಶರಣಾಗಲಿ? ನಂಬದವನಿಗೆ ನೆಮ್ಮದಿಯ ದಾರಿ ಇಲ್ಲವೇ?

ಉತ್ತರ: ಮೇಷ್ಟ್ರೇ, ನಂಬಿಕೆ ಇಲ್ಲದೆ ಭಜನೆಗೆ ಹೋಗಿ ತಾಳ ಹಾಕುವುದು ನಿಮಗೂ ಕಷ್ಟ, ಪಕ್ಕದಲ್ಲಿ ಕೂತವರಿಗೂ ಕಷ್ಟ. ಬಿಡಿ. ಗೆಳೆಯರು ಭಜನೆ ಮುಗಿಸಿ ಚಹಾ ಕುಡಿಯುತ್ತಾರಲ್ಲ, ಆ ಹೊತ್ತಿಗೆ ಹೋಗಿ. ಮನುಷ್ಯರನ್ನು ಬಿಡಬೇಡಿ.

ಜಪಾನಿನ ಶೋಮಾ ಮೊರಿಟಾ ಅವರ ಹೆಸರು ಕೇಳಿದ್ದೀರಾ? 1874ರಲ್ಲಿ ಹುಟ್ಟಿದ ಮನೋವೈದ್ಯರು. ವಿದ್ಯಾರ್ಥಿಯಾಗಿದ್ದಾಗ ಅವರಿಗೇ ಎದೆಬಡಿತ, ಸುಸ್ತು, ಸಾವಿನ ಭಯ. ಔಷಧಿ ನಡೆದೇ ಇತ್ತು. ಒಂದು ಸಲ ಪರೀಕ್ಷೆಯ ಹೊತ್ತಿಗೆ ಊರಿನಿಂದ ತಂದೆ ಕಳಿಸಬೇಕಾದ ಹಣ ಬರಲಿಲ್ಲ. ಅಪ್ಪನಿಗೆ ನನ್ನ ಮೇಲೆ ಕಾಳಜಿಯೇ ಇಲ್ಲ, ಸತ್ತರೆ ಸಾಯುತ್ತೇನೆ ಎಂದು ಸಿಟ್ಟಿನಿಂದ ಔಷಧಿಯನ್ನು ಬಿಟ್ಟು ಓದಲು ಕೂತರು. ಸಾಯಲಿಲ್ಲ. ಪರೀಕ್ಷೆ ಚೆನ್ನಾಗಿ ಆಯಿತು, ಎದೆಬಡಿತವೂ ಹಿಂದೆ ಸರಿಯಿತು. (ಔಷಧಿ ಬಿಡಿ ಎಂದು ನಾನು ಹೇಳುತ್ತಿಲ್ಲ. ರಕ್ತದೊತ್ತಡದ ಮಾತ್ರೆ ಬಿಟ್ಟು ನನ್ನ ಹೆಸರು ಹೇಳಬೇಡಿ.) ಮುಂದೆ 1919ರ ಸುಮಾರಿಗೆ ಅವರು ರೂಪಿಸಿದ ಚಿಕಿತ್ಸೆಯಲ್ಲಿ ರೋಗಿ ಮೊದಲ ಕೆಲವು ದಿನ ಹಾಸಿಗೆಯಲ್ಲಿ ಸುಮ್ಮನೆ ಮಲಗಬೇಕು. ಓದು, ಮಾತು, ಅತಿಥಿಗಳು ಯಾವುದೂ ಇಲ್ಲ. ಭಯ ಬಂದರೆ ಭಯ, ಅಳು ಬಂದರೆ ಅಳು. ಆಮೇಲೆ ಹಗುರ ಕೆಲಸ, ಆಮೇಲೆ ತೋಟದ ಭಾರದ ಕೆಲಸ, ಕೊನೆಗೆ ಹೊರಗಿನ ಬದುಕು. ದುಃಖ ಹೋದ ಮೇಲೆ ಕೆಲಸ ಎಂದು ಅವರು ಕಾಯಿಸಲಿಲ್ಲ. ದುಃಖವನ್ನು ಇದ್ದ ಹಾಗೆ ಇರಲು ಬಿಟ್ಟು, ಈ ದಿನ ಕೈ ಮುಂದೆ ಇರುವ ಕೆಲಸ ಹಿಡಿ ಎಂದರು. ಇದರಲ್ಲಿ ದೇವರು ಎಲ್ಲಿಯೂ ಬರುವುದಿಲ್ಲ, ಗಮನಿಸಿ.

ನೀವು ಶರಣಾಗಬೇಕಾದದ್ದು ಒಂದು ಸಂಗತಿಗೆ: ಆಕೆ ಇಲ್ಲ. ಅವರ ಸೀರೆಗಳು ಇನ್ನೂ ಬೀರುವಿನಲ್ಲಿ ಹಾಗೆಯೇ ಇರಬಹುದು. ಇರಲಿ, ಅವಸರವಿಲ್ಲ. ಆದರೆ ಅಡುಗೆಮನೆಗೆ ಹೋಗಿ ಒಂದು ಸಾರು ಮಾಡುವುದನ್ನು ಕಲಿಯಿರಿ. ದಿನವೂ ಹೊರಗಿನ ಊಟ ಹೊಟ್ಟೆಗೂ ಒಳ್ಳೆಯದಲ್ಲ, ಸಂಜೆಗೂ ಒಳ್ಳೆಯದಲ್ಲ. ಊಟ, ನಿದ್ದೆ ಎರಡೂ ತಪ್ಪಿ, ಬದುಕೇ ಬೇಡ ಅನ್ನಿಸತೊಡಗಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಪ್ರಶ್ನೆ: ಹಾಸನದಲ್ಲಿ ಬ್ಯಾಂಕ್ ಉದ್ಯೋಗಿ ನಾನು. ಅಮ್ಮನಿಗೆ 78. ಮರೆವಿನ ಕಾಯಿಲೆ ಎಂದು ಹೇಳಿದ್ದಾರೆ. ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು, ತೀರಿಕೊಂಡು ಹನ್ನೊಂದು ವರ್ಷ. ದಿನವೂ ಸಂಜೆ ಅಮ್ಮ ಬಾಗಿಲಿಗೆ ಹೋಗಿ ‘ನಿಮ್ಮಪ್ಪನ ಟ್ರಿಪ್ಪು ಇನ್ನೂ ಮುಗಿದಿಲ್ಲವೇನೋ’ ಎನ್ನುತ್ತಾರೆ. ‘ಅಪ್ಪ ಇಲ್ಲಮ್ಮ’ ಎಂದು ಹೇಳುತ್ತೇನೆ. ಆಗ ತಾನೇ ಸುದ್ದಿ ಕೇಳಿದವರಂತೆ ಅಳುತ್ತಾರೆ. ಮರುದಿನ ಮತ್ತೆ ಅದೇ. ‘ವಾಸ್ತವವನ್ನು ಒಪ್ಪಿಕೊಳ್ಳಬೇಕು’ ಎನ್ನುತ್ತಾರಲ್ಲ, ಅಮ್ಮನಿಗೆ ಅದನ್ನು ಒಪ್ಪಿಸುವುದು ಹೇಗೆ?

ಉತ್ತರ: ಅಮ್ಮನಿಗೆ ಏನನ್ನೂ ಒಪ್ಪಿಸಬೇಡಿ, ಅದು ಅವರಿಂದ ಆಗದು. ಈ ಮನೆಯಲ್ಲಿ ಒಪ್ಪಿಕೊಳ್ಳುವ ಕೆಲಸ ಇನ್ನೂ ಆಗುವುದಿದ್ದರೆ ಅದು ನಿಮ್ಮಿಂದ.

ಅದಕ್ಕೂ ಮುಂಚೆ ಒಂದು ಮಾತು. ‘ಮರೆವು, ವಯಸ್ಸಾಯಿತು’ ಎಂದು ಕೈಚೆಲ್ಲುವ ಮೊದಲು ಥೈರಾಯ್ಡ್ ಮತ್ತು ಬಿ12 ಜೀವಸತ್ವದ ರಕ್ತಪರೀಕ್ಷೆ ಆಗಿದೆಯೇ ನೋಡಿ. ಅವುಗಳ ಕೊರತೆಯಿಂದಲೂ ಮರೆವು ಬರುತ್ತದೆ, ಅದನ್ನು ಸರಿಪಡಿಸಬಹುದು. ಎರಡು ದಿನದಲ್ಲಿ ಗೊಂದಲ ಇದ್ದಕ್ಕಿದ್ದಂತೆ ಹೆಚ್ಚಾದರೆ ಮೂತ್ರದ ಸೋಂಕು ಇರಬಹುದು, ತಡಮಾಡದೆ ತೋರಿಸಿ. ಮುದುಕರಲ್ಲಿ ಜ್ವರವಿಲ್ಲದೆಯೂ ಆ ಸೋಂಕು ಇರುತ್ತದೆ. ವಾರ್ಡಿನಲ್ಲಿ ‘ಅಜ್ಜಿಗೆ ಬುದ್ಧಿ ಕೆಟ್ಟಿತು, ಇನ್ನು ಮನೆಗೆ ಕರೆದುಕೊಂಡು ಹೋಗುತ್ತೇವೆ’ ಎಂದು ಹೊರಟವರನ್ನು ತಡೆದು ಮೂತ್ರಪರೀಕ್ಷೆ ಮಾಡಿಸಿದ್ದುಂಟು. ವಾರದ ಹೊತ್ತಿಗೆ ಆ ಅಜ್ಜಿ ನನ್ನನ್ನೇ ‘ಇಂಜೆಕ್ಷನ್ ಕೊಡಲು ಬರುತ್ತದೇನೇ’ ಎಂದು ಬೈಯುತ್ತಿದ್ದರು.

ಇದೆಲ್ಲ ನೋಡಿದ ಮೇಲೂ ಕಾಯಿಲೆ ಅದೇ ಎಂದಾದರೆ, ಹೋದ ನೆನಪು ತಿರುಗಿ ಬಾರದು. ಸಂಜೆಯ ಪ್ರಶ್ನೆಗೆ ಸಾವಿನ ಸುದ್ದಿ ಕೊಡುವುದನ್ನು ಇಂದೇ ನಿಲ್ಲಿಸಿ. ಅವರಿಗೆ ಅದು ಪ್ರತಿ ಸಲವೂ ಮೊದಲ ಸಲದ ಸುದ್ದಿ. ‘ಅಪ್ಪ ಯಾವ ರೂಟಿನಲ್ಲಿ ಹೋಗುತ್ತಿದ್ದರಮ್ಮ? ಚಿಲ್ಲರೆ ಚೀಲ ಎಲ್ಲಿ ಇಡುತ್ತಿದ್ದರು?’ ಎಂದು ಕೇಳಿ. ಕಾಯುತ್ತಿರುವ ಹೆಂಗಸಿಗೆ ತಾನು ಯಾರಿಗಾಗಿ ಕಾಯುತ್ತಿದ್ದಾಳೋ ಅವರ ಬಗ್ಗೆ ಮಾತನಾಡಲು ಒಬ್ಬ ಜೊತೆಗಾರ ಸಿಕ್ಕರೆ ಅರ್ಧ ತಳಮಳ ಇಳಿಯುತ್ತದೆ. ಇದು ಸುಳ್ಳಾಗುವುದಿಲ್ಲವೇ ಎಂದು ಕೇಳುತ್ತೀರಿ. ಅಪ್ಪ ಬರುತ್ತಾರೆ ಎಂದು ನೀವು ಹೇಳುತ್ತಿಲ್ಲವಲ್ಲ. ಹೊತ್ತು ಮುಳುಗುವ ಮುಂಚೆಯೇ ಮನೆಯ ದೀಪಗಳನ್ನೆಲ್ಲ ಹಾಕಿ. ಈ ಕಾಯಿಲೆಯವರಿಗೆ ಮಬ್ಬುಗತ್ತಲಲ್ಲಿ ಗಾಬರಿ ಹೆಚ್ಚು. ಆ ಹೊತ್ತಿಗೆ ಕೈಗೆ ಒಂದು ಕೆಲಸ ಕೊಡಿ, ಅವರೆಕಾಯಿ ಸುಲಿಯುವುದೋ, ಬಟ್ಟೆ ಮಡಿಸುವುದೋ. ಮಡಿಸಿದ್ದನ್ನು ಬಿಚ್ಚಿ ಮತ್ತೆ ಕೊಟ್ಟರೂ ಬೇಸರಿಸುವುದಿಲ್ಲ.

ಇನ್ನು ನಿಮ್ಮ ಪಾಲು. ಎದುರಿಗೇ ಇರುವ ಅಮ್ಮನನ್ನು ಕಳೆದುಕೊಳ್ಳುತ್ತಿದ್ದೀರಿ. ಸಾವಾದರೆ ಹದಿಮೂರನೆಯ ದಿನ ಒಂದು ಮುಕ್ತಾಯ ಇರುತ್ತದೆ, ನಾಲ್ಕು ಜನ ಬಂದು ಕೈ ಹಿಡಿಯುತ್ತಾರೆ. ಇಲ್ಲಿ ಅದಿಲ್ಲ. ಅಮೆರಿಕದ ಪಾಲಿನ್ ಬಾಸ್ 1970ರ ದಶಕದಿಂದ ಇಂಥ ಮುಕ್ತಾಯವಿಲ್ಲದ ನಷ್ಟವನ್ನೇ ಅಧ್ಯಯನ ಮಾಡುತ್ತ ಬಂದರು. ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರನ್ನೂ ಮರೆವಿನ ಕಾಯಿಲೆಯವರ ಮನೆಯವರನ್ನೂ ನೋಡಿದರು. ಮುಕ್ತಾಯ ಹುಡುಕಬೇಡಿ, ‘ಅಮ್ಮ ಇದ್ದಾರೆ’, ‘ಅಮ್ಮ ಇಲ್ಲ’ ಎಂಬ ಎರಡನ್ನೂ ಒಟ್ಟಿಗೇ ಹಿಡಿದುಕೊಳ್ಳಿ ಎನ್ನುವುದು ಅವರ ಸಲಹೆಯ ಸಾರ. ಹೇಳುವುದು ಸುಲಭ, ಬಲ್ಲೆ. ವಾರದಲ್ಲಿ ಒಂದು ಸಂಜೆಯಾದರೂ ತಂಗಿಯನ್ನೋ ಪಕ್ಕದ ಮನೆಯವರನ್ನೋ ಕೂರಿಸಿ ನೀವು ಹೊರಗೆ ಹೋಗಿ. ಹಿರಿಯರ ಸಹಾಯವಾಣಿ 14567. ಎಲ್ಲಿ ಹಗಲು ಆರೈಕೆ ಸಿಗುತ್ತದೆ ಎಂದಾದರೂ ಅಲ್ಲಿ ವಿಚಾರಿಸಬಹುದು.

ಪ್ರಶ್ನೆ: ಹೆಸರು, ಊರು ಬೇಡ ಸಿಸ್ಟರ್. ಮದುವೆಯಾಗಿ ಒಂಬತ್ತು ವರ್ಷ, ಇಬ್ಬರು ಮಕ್ಕಳು. ಇವರು ಕುಡಿದು ಬಂದು ಹೊಡೆಯುತ್ತಾರೆ. ಕುಡಿಯದ ದಿನವೂ ಹೊಡೆಯುತ್ತಾರೆ. ನಮ್ಮ ಮನೆಗೆ ಬರುವ ಹಿರಿಯರೊಬ್ಬರು ಗೀತೆಯ ‘ಮಾಮೇಕಂ ಶರಣಂ ವ್ರಜ’ ಶ್ಲೋಕ ಹೇಳಿ, ‘ಎಲ್ಲವನ್ನೂ ಕೃಷ್ಣನಿಗೆ ಅರ್ಪಿಸು, ಎದುರು ಮಾತನಾಡಬೇಡ, ಶಾಂತಿ ಸಿಗುತ್ತದೆ’ ಎಂದರು. ದಿನವೂ ಹೇಳಿಕೊಳ್ಳುತ್ತಿದ್ದೇನೆ. ಶಾಂತಿ ಯಾವಾಗ ಸಿಗುತ್ತದೆ?

ಉತ್ತರ: ತಂಗೀ, ಆ ಹಿರಿಯರು ಶ್ಲೋಕ ಹೇಳಿ ಪುಸ್ತಕ ಮುಚ್ಚಿಬಿಟ್ಟರು. ಅದು ಹದಿನೆಂಟನೆಯ ಅಧ್ಯಾಯದ 66ನೆಯ ಶ್ಲೋಕ. ಅಲ್ಲಿಂದ ಏಳು ಶ್ಲೋಕ ಮುಂದೆ ಹೋದರೆ, 73ರಲ್ಲಿ, ಶರಣಾಗು ಎಂದು ಹೇಳಿಸಿಕೊಂಡ ಅರ್ಜುನ ಬಾಯಿಬಿಡುತ್ತಾನೆ. ನನ್ನ ಸಂದೇಹ ಹೋಯಿತು, ನೀನು ಹೇಳಿದಂತೆ ಮಾಡುತ್ತೇನೆ ಎಂದು ಎದ್ದು ನಿಲ್ಲುತ್ತಾನೆ. ರಥದಲ್ಲಿ ಕುಸಿದು ಕುಳಿತವನನ್ನು ಎಬ್ಬಿಸಲು ಹೇಳಿದ ಮಾತನ್ನು ಒಬ್ಬ ಹೆಂಗಸನ್ನು ಕೂರಿಸಲು ಬಳಸುವುದು ನನಗೆ ಸಹಿಸಲಾಗದ ವಿಷಯ. ಗಂಡನಿಗೆ ಆ ಹಿರಿಯರು ಯಾವ ಶ್ಲೋಕ ಹೇಳಿದರು? ಪತ್ರದಲ್ಲಿ ಅದು ಇಲ್ಲ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಿಮ್ಮಂಥವರನ್ನು ಬಹಳ ನೋಡಿದ್ದೇನೆ. ‘ಮೆಟ್ಟಿಲಿನಿಂದ ಬಿದ್ದೆ ಸಿಸ್ಟರ್’ ಎನ್ನುತ್ತಿದ್ದರು. ಮೆಟ್ಟಿಲಿನಿಂದ ಬಿದ್ದವರ ತೋಳಿನ ಮೇಲೆ ನಾಲ್ಕು ಬೆರಳಿನ ಗುರುತು ಇರುವುದಿಲ್ಲ. ಅವರಲ್ಲಿ ಕೆಲವರು ಬಹಳ ಶಾಂತವಾಗಿಯೇ ಇರುತ್ತಿದ್ದರು. ದೇವರ ಹೆಸರನ್ನೂ ಹೇಳುತ್ತಿದ್ದರು. ಆ ಶಾಂತಿ ನಿಮಗೆ ಬಾರದಿರಲಿ ಎಂದೇ ಹಾರೈಸುತ್ತೇನೆ. ನಿಮಗೆ ಸಿಗುತ್ತಿಲ್ಲ ಎಂದರೆ ನಿಮ್ಮ ಮನಸ್ಸು ಇನ್ನೂ ಸರಿಯಾಗಿದೆ.

ಒಪ್ಪಿಕೊಳ್ಳಬೇಕಾದ ಒಂದು ಸಂಗತಿ ನಿಮಗೂ ಇದೆ, ಕಹಿಯಾದದ್ದು: ನಿಮ್ಮ ತಾಳ್ಮೆಯಿಂದ ಈತ ಬದಲಾಗುವುದಿಲ್ಲ. ಒಂಬತ್ತು ವರ್ಷದ ತಾಳ್ಮೆ ಕಡಿಮೆಯದಲ್ಲ. ಇದನ್ನು ಒಪ್ಪಿಕೊಂಡರೆ ಮುಂದಿನ ಕೆಲಸ ಕಾಣುತ್ತದೆ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಗೆ 2005ರ ಕಾಯ್ದೆ ಇದೆ. ಅದರಡಿ ಹೊಡೆಯುವುದನ್ನು ತಡೆಯುವ ಆದೇಶ ಕೇಳಬಹುದು. ಮನೆ ಗಂಡನ ಹೆಸರಿನಲ್ಲಿದ್ದರೂ ನೀವು ಅಲ್ಲೇ ವಾಸಿಸುವ ಹಕ್ಕು ಕೇಳಬಹುದು, ಜೀವನಾಂಶವನ್ನೂ ಕೇಳಬಹುದು. ‘ಹೊರಗೆ ಹಾಕುತ್ತೇನೆ’ ಎಂದು ಹೆದರಿಸಿದರೆ ಇದು ನೆನಪಿರಲಿ. ವಕೀಲರಿಗೆ ದುಡ್ಡಿಲ್ಲ ಎಂಬ ಚಿಂತೆ ಬೇಡ, ಆದಾಯ ಎಷ್ಟೇ ಇರಲಿ ಮಹಿಳೆಯರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ನ್ಯಾಯಾಲಯದ ಆವರಣದಲ್ಲೇ ಕಚೇರಿ ಇರುತ್ತದೆ. ಫೋನ್ 15100. ಮಹಿಳಾ ಸಹಾಯವಾಣಿ 181. ಈಗಲೇ ಅಪಾಯ ಎಂದಾದರೆ 112. ಆತ ಮೊಬೈಲ್ ನೋಡುವ ಅಭ್ಯಾಸದವನಾದರೆ ಅಂಗನವಾಡಿ ಕಾರ್ಯಕರ್ತೆಯ ಫೋನಿನಿಂದ ಮಾಡಿ. ಆಧಾರ್, ಪಾಸ್‌ಪುಸ್ತಕ, ಮಕ್ಕಳ ಜನನ ಪ್ರಮಾಣಪತ್ರ, ಸ್ವಲ್ಪ ದುಡ್ಡು, ಇಷ್ಟನ್ನು ನಂಬಿಕೆಯ ಒಬ್ಬರ ಮನೆಯಲ್ಲಿ ಇಟ್ಟಿರಿ.

ಮತ್ತೆ ಪೆಟ್ಟು ಬಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ‘ಬಿದ್ದೆ’ ಎನ್ನಬೇಡಿ. ಯಾರು ಹೊಡೆದರು, ಯಾವುದರಿಂದ ಹೊಡೆದರು ಎಂದು ಹೇಳಿ, ಹಾಗೆಯೇ ಬರೆಸಿ. ಡ್ಯೂಟಿಯಲ್ಲಿರುವ ನರ್ಸ್ ಅವಸರದಲ್ಲಿ ಬರೆಯದೆ ಬಿಟ್ಟರೆ ನಿಂತು ಕೇಳಿ, ಬರೆಯುವುದು ಅವರ ಕೆಲಸ. ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.